ಸಹಿ ಹಾಕದ ಕಾಗದ

ಅವರು ಮೊದಲ ಸಲ ನನ್ನ ಹತ್ತಿರ ಬಂದಾಗ ಗ್ಯಾಸ್ಟ್ರಿಕ್ ಅಂದರು. ಎರಡನೇ ಸಲ ನಿದ್ದೆ ಇಲ್ಲ ಅಂದರು. ಮೂರನೇ ಸಲ ಫೋನ್ ತೆಗೆದು ಒಂದು ಫೋಟೋ ತೋರಿಸಿದರು. (ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರ ಬದಲಿಸಿ ಬರೆಯುತ್ತಿದ್ದೇನೆ.)

ವಯಸ್ಸು 40ರ ಹತ್ತಿರ. ಮಡಿಕೇರಿ ಪಕ್ಕದ ಮನೆಯಲ್ಲೇ ಕೂತು ಕಂಪನಿಯೊಂದಕ್ಕೆ ಕೆಲಸ. ಮೊಬೈಲ್ ಬಿಡಿಭಾಗಕ್ಕೆ ಬೇಕಾದ ಟ್ಯಾಂಟಲಮ್ ಅನ್ನೋ ಲೋಹ ಎಲ್ಲಿಂದ ಬಂತು ಅನ್ನೋ ಕಾಗದ ನೋಡಿ ಸಹಿ ಹಾಕಬೇಕು. ಅದರ ಅದಿರು ಕೋಲ್ಟಾನ್. ಪೂರ್ವ ಕಾಂಗೋದ ರುಬಾಯಾ ಗುಡ್ಡಗಳಲ್ಲಿ ಜನ ಅದನ್ನು ಕೈಯಲ್ಲೇ ಅಗೆಯುತ್ತಾರೆ. 2024ರ ಏಪ್ರಿಲ್‌ನಲ್ಲಿ ಆ ಊರು ಎಂ23 ಬಂಡುಕೋರರ ವಶವಾಯಿತು. ಅವರು ಅದಿರಿಗೆ ಸುಂಕ ವಸೂಲಿ ಮಾಡುತ್ತಾರೆ, ಮಾಲು ಗಡಿ ದಾಟಿ ರುವಾಂಡಾದ ಅದಿರಿನ ಜತೆ ಬೆರೆಯುತ್ತದೆ ಎಂದು ವಿಶ್ವಸಂಸ್ಥೆಯ ತಜ್ಞರು ವರದಿ ಕೊಟ್ಟಿದ್ದಾರೆ. ಇವರ ಮುಂದಿದ್ದ ಕಾಗದದಲ್ಲಿ ಎಲ್ಲ ಮೂಟೆಯೂ ರುವಾಂಡಾದ್ದೇ. ಒಂದು ಪುಟ್ಟ ಗಣಿಯಿಂದ ಹಿಂದಿನ ತಿಂಗಳ ಮೂರು ಪಟ್ಟು ಮಾಲು!

ಫೋಟೋದಲ್ಲಿ ಹಸಿರು ಗುಡ್ಡ, ಮಧ್ಯೆ ಬಗೆದ ಕೆಂಪು ಮಣ್ಣು, ಕೆಳಗೆ ಕೆಸರು ನೀರಿನ ತೊರೆ. "ಮೇಡಂ, ಇದು ನಮ್ಮ ಮಕ್ಕಂದೂರಿನ ಹಾಗೇ ಇದೆ ಅಲ್ವಾ?"

2018ರ ಆಗಸ್ಟ್‌ನಲ್ಲಿ ಅಲ್ಲಿ ಗುಡ್ಡದ ಬರೆ ಜರಿದು ಅವರ ಮಾವನ ತೋಟ ಹೋಗಿತ್ತು. ಕಾಫಿ ಗಿಡಗಳು ನಿಂತ ಹಾಗೇ ಕೆಳಗಿಳಿದದ್ದನ್ನು ಕಣ್ಣಾರೆ ಕಂಡವರು. ನಾನು ಸಮಾಧಾನಕ್ಕೆಂದು, "ಅದು ದೂರದ ದೇಶ, ನೀವ್ಯಾಕೆ ಹೊತ್ತುಕೊಳ್ತೀರಿ?" ಅಂದುಬಿಟ್ಟೆ. ತಪ್ಪು ನನ್ನದೇ. ಹತ್ತು ನಿಮಿಷ ಅವರು ಬಾಯಿ ಬಿಡಲಿಲ್ಲ.

ಆಮೇಲೆ ಒಂದು ಹಾಳೆ ಕೊಟ್ಟೆ. ಕಣ್ಣಿಗೆ ಕಂಡದ್ದು ಒಂದು ಕಡೆ, ಅನುಮಾನ ಇನ್ನೊಂದು ಕಡೆ. ಮೂರು ಪಟ್ಟು ಮಾಲು ಮೊದಲ ಕಡೆ ಬಿತ್ತು. ಬಂಡುಕೋರರು ಎರಡನೆಯ ಕಡೆ. ರಾಜೀನಾಮೆ ಪತ್ರ ಆಗಲೇ ಬರೆದಿಟ್ಟಿದ್ದರು. ಅದನ್ನು ಕಳಿಸಬೇಡಿ, ಸಹಿಯನ್ನೂ ಹಾಕಬೇಡಿ ಅಂದೆ. ಸಶಸ್ತ್ರ ಗುಂಪಿಗೆ ಹಣ ಹೋಗುವ ಅಪಾಯ ಕಂಡರೆ ಆ ಖರೀದಿ ನಿಲ್ಲಿಸಬೇಕು ಅಂತ ಒಇಸಿಡಿ (ಹೆಚ್ಚಾಗಿ ಶ್ರೀಮಂತ ದೇಶಗಳ ಆರ್ಥಿಕ ಸಂಘಟನೆ) ಮಾರ್ಗಸೂಚಿಯೇ ಹೇಳುತ್ತದೆ. ಇದನ್ನು ನನಗೆ ಹೇಳಿಕೊಟ್ಟದ್ದೂ ಅವರೇ! ಅದನ್ನೇ ಮೇಲಿನವರಿಗೆ ಇಮೇಲ್ ಮಾಡಿ, ಕಳಿಸಿದ್ದಕ್ಕೆ ದಾಖಲೆ ಇಟ್ಟುಕೊಳ್ಳಿ, ಹೊರಗೆ ಬಾಯಿಬಿಡುವ ಮುಂಚೆ ವಕೀಲರನ್ನು ಕಾಣಿ ಅಂದೆ.

"ಕೊಳ್ಳೋದು ನಿಲ್ಲಿಸಿದರೆ ಅಗೆಯುವವನ ಹೊಟ್ಟೆಪಾಡು?" ಅಂತ ಕೇಳಿದರು. ನನ್ನಲ್ಲಿ ಉತ್ತರ ಇರಲಿಲ್ಲ. ಆ ಪ್ರಶ್ನೆಯನ್ನೂ ಇಮೇಲ್‌ನಲ್ಲಿ ಹಾಕಿ ಅಂದೆ.

ಇಷ್ಟೆಲ್ಲ ಆದರೂ ಹೆಂಡತಿಗೆ ಒಂದು ಮಾತು ಹೇಳಿರಲಿಲ್ಲ. ನನಗೆ ಜಾಸ್ತಿ ಚಿಂತೆಯಾದದ್ದು ಅದೇ. ನಾಲ್ಕನೇ ಸಲ ಇಬ್ಬರೂ ಬಂದರು. ಆಕೆ ಸಾಲದ ಕಂತು, ಮಕ್ಕಳ ಫೀಸು ಎಲ್ಲ ಲೆಕ್ಕ ಹಾಕಿಕೊಂಡೇ ಬಂದಿದ್ದರು. "ಸಂಬಳ ನಿಂತರೂ ಕಾಫಿ ಕೊಯ್ಲಿನವರೆಗೆ ತಳ್ಳಬಹುದು ಮೇಡಂ. ಇವರು ಸುಮ್ನೆ ಒಬ್ರೇ ಒದ್ದಾಡ್ತಿದ್ರು."

ಇಮೇಲ್ ಹೋಗಿದೆ. ಉತ್ತರ ಬಂದಿಲ್ಲ. ಆ ಕಾಗದಕ್ಕೆ ಸಹಿಯೂ ಬಿದ್ದಿಲ್ಲ.