ಓಟಿ (ಓವರ್‌ಟೈಮ್) ನಿಂತಿದೆ, ಬ್ಯಾಂಕ್ ಕಂತು ಹೇಗೆ ಕಟ್ಟೋದು?

ಪ್ರಶ್ನೆ: ನಮ್ಮೆಜಮಾನ್ರು ನರಸಾಪುರದ ಫ್ಯಾಕ್ಟ್ರಿಲಿ ಕೆಲ್ಸ ಮಾಡ್ತಾರೆ. ಅತ್ತೆ ಆಪರೇಷನ್‌ಗೆ ಅಂತ ತಗೊಂಡ ಪರ್ಸನಲ್ ಲೋನ್ ಕಟ್ಟೋಕಾಗದೆ ಹೋದ್ವರ್ಷ ಬ್ಯಾಂಕಲ್ಲಿ ಮಾತಾಡಿ ತಿಂಗಳಿಗೆ 9,500 ಅಂತ ಒಪ್ಕೊಂಡ್ವಿ. ಇನ್ನೂ 2,40,000 ಬಾಕಿ, 14 ಪರ್ಸೆಂಟ್ ಬಡ್ಡಿ, 30 ಕಂತು. ಆಗ ಓಟಿ ಸೇರಿ 31,000 ಬರ್ತಿತ್ತು, ಈಗ 23,000 ಅಷ್ಟೇ. ನನ್ನ ಟೈಲರಿಂಗಿಂದ 4,000. ಬಾಡಿಗೆ ಜಾಸ್ತಿ ಮಾಡಿದಾರೆ, ಮಗಳು ಪಿಯುಸಿಗೆ ಕೋಲಾರಕ್ಕೆ ಓಡಾಡ್ತಾಳೆ, ಅತ್ತೆ ಮಾತ್ರೆನೂ ಸೇರಿ ಮನೆ ಖರ್ಚು 20,500 ಆಗತ್ತೆ. ಸಂಘದಲ್ಲಿ 50,000 ಕೊಡ್ತೀವಿ ಅಂತಿದಾರೆ, ಅದ್ರಲ್ಲಿ ಕಂತು ಕಟ್ಕೊಂಡು ಹೋಗೋಣ್ವಾ? ಬ್ಯಾಂಕಿಗೆ ಮತ್ತೆ ಹೋಗಿ ಕೇಳೋಕೆ ನಾಚ್ಕೆ ಆಗತ್ತೆ.
– ಓದುಗಿ, ವೇಮಗಲ್

ಉತ್ತರ: ಸಂಘದ ದುಡ್ಡು ಬೇಡಮ್ಮ, ಇದನ್ನ ಮೊದ್ಲೇ ಹೇಳ್ಬಿಡ್ತೀನಿ. 50,000 ಐದು ತಿಂಗಳ ಕಂತಿಗೆ ಮುಗ್ದೋಗತ್ತೆ, ಆಮೇಲೆ ಬ್ಯಾಂಕ್ ಕಂತೂ ಇರತ್ತೆ ಸಂಘದ ಕಂತೂ ಇರತ್ತೆ, ಸಂಘದ ಮೈಕ್ರೋಫೈನಾನ್ಸ್ ಸಾಲಕ್ಕೆ ಬಡ್ಡಿ ಸಾಮಾನ್ಯವಾಗಿ 20 ಪರ್ಸೆಂಟ್ ಮೇಲೇ ಇರೋದು.

ಹೋದ್ವರ್ಷ ನೀವು ಒಪ್ಕೊಂಡಿದ್ದು 31,000 ಸಂಬಳದ ಲೆಕ್ಕಕ್ಕೆ. ಆ ಸಂಬಳ ಈಗಿಲ್ಲ, ಮತ್ತೆ ಕೇಳೋದ್ರಲ್ಲಿ ನಾಚ್ಕೆ ಪಡೋಂಥದ್ದು ಏನೂ ಇಲ್ಲ. ನನಗೆ ಭಯ ಇರೋದೇ ಬೇರೆ, ಮ್ಯಾನೇಜರ್ ಮುಂದೆ ಕೂತಾಗ ಸಂಕೋಚಕ್ಕೆ "ಆಯ್ತು ಸಾರ್, 8,000 ಕಟ್ತೀವಿ" ಅಂದ್ಬಿಡ್ತೀರಿ, ಮೂರನೇ ತಿಂಗಳಿಗೆ ಮತ್ತೆ ತಪ್ಪತ್ತೆ. ಸುಮಾರು ಮನೆಗಳಲ್ಲಿ ಆಗೋದೇ ಇದು.

ಲೆಕ್ಕ ನೋಡಿ. 27,000ದಲ್ಲಿ 20,500 ಹೋದ್ರೆ ಉಳಿಯೋದು 6,500. ಅಷ್ಟನ್ನೂ ಬ್ಯಾಂಕಿಗೆ ಬರ್ಕೊಡ್ಬೇಡಿ, ಯಾರಿಗಾದ್ರೂ ಜ್ವರ ಬಂದ್ರೆ ಆ ತಿಂಗಳೇ ಕಂತು ತಪ್ಪತ್ತೆ. ಬಾಕಿನ 60 ತಿಂಗಳಿಗೆ ಮಾಡಿ ಅಂತ ಕೇಳಿ, ಇದೇ ಬಡ್ಡಿಗೆ ಕಂತು ಸುಮಾರು 5,600 ಬರತ್ತೆ, 900 ಕೈಲಿರತ್ತೆ. ಆದ್ರೆ ಇದು ಪುಕ್ಸಟ್ಟೆ ಅಲ್ಲ, 30 ಕಂತಲ್ಲಿ ಇನ್ನು ಸುಮಾರು 46,000 ಬಡ್ಡಿ ಕಟ್ತಿದ್ರಿ, 60 ತಿಂಗಳಾದ್ರೆ 95,000 ಹತ್ರ ಹೋಗತ್ತೆ. ಅದಕ್ಕೇ ಓಟಿ ಮತ್ತೆ ಶುರುವಾದ ತಿಂಗಳಿಂದ್ಲೇ ಅಸಲಿಗೆ ಜಾಸ್ತಿ ಕಟ್ಟೋಕೆ ಅವಕಾಶ ಇದೆಯಾ, ಅದಕ್ಕೆ ಚಾರ್ಜ್ ಎಷ್ಟು ಅಂತ ಈಗ್ಲೇ ಕೇಳ್ಕೊಳ್ಳಿ.

ಕಂತು ತಪ್ಪೋಕೆ ಮುಂಚೆನೇ ಹೋಗ್ಬೇಕು, ತಪ್ಪಿದ್ಮೇಲೆ ಹೋದ್ರೆ ಮಾತಿಗೆ ತೂಕ ಕಮ್ಮಿ. ಹಳೇದು ಹೊಸದು ಎರಡೂ ಸಂಬಳ ಸ್ಲಿಪ್, ಬಾಡಿಗೆ ಕರಾರು, ಕಾಲೇಜು ಫೀ ರಶೀದಿ ತಗೊಂಡು ಹೋಗಿ, ಅರ್ಜಿ ಬರೆದು ಕೊಟ್ಟು ಅದರ ಕಾಪಿ ಮೇಲೆ ಸೀಲು ಹಾಕಿಸ್ಕೊಳ್ಳಿ. ಸಂಬಳ 7ಕ್ಕೆ ಬಂದು ಕಂತು 5ಕ್ಕೆ ಕಟ್ ಆಗ್ತಿದ್ರೆ ಡೇಟ್ ಬದಲಾಯಿಸೋಕೂ ಹೇಳಿ, ಇಲ್ಲಾಂದ್ರೆ ಖಾತೆಲಿ ದುಡ್ಡಿಲ್ಲ ಅಂತ ಸುಮ್ನೆ ಬೌನ್ಸ್ ಚಾರ್ಜ್ ಹೋಗತ್ತೆ. ಒಪ್ಪಿದ್ರೆ ಹೊಸ ಕಂತು, ಬಡ್ಡಿ, ಅವಧಿ ಮೂರೂ ಇರೋ ಪತ್ರ ಕೈಗೆ ಬರೋವರೆಗೂ ಒಪ್ಪಂದ ಆಯ್ತು ಅಂತ ಅಂದ್ಕೋಬೇಡಿ.

ಒಪ್ಲೇಬೇಕು ಅಂತ ಬ್ಯಾಂಕಿಗೆ ಕಡ್ಡಾಯ ಇಲ್ಲ. ಒಪ್ಪಿದ್ರೂ ಸಿಬಿಲ್‌ನಲ್ಲಿ (ನಿಮ್ಮ ಸಾಲದ ಚರಿತ್ರೆ ಇಡೋ ಸಂಸ್ಥೆ) ರೀಸ್ಟ್ರಕ್ಚರ್, ಅಂದ್ರೆ ಸಾಲದ ಷರತ್ತು ಬದಲಾಯಿಸಿದ್ದು ಅಂತ ದಾಖಲಾಗಿ ಸ್ವಲ್ಪ ಕಾಲ ಹೊಸ ಸಾಲ ಸಿಗೋದು ಕಷ್ಟ, ಈಗ ನಿಮಗೆ ಹೊಸ ಸಾಲ ಬೇಕಾಗಿಯೂ ಇಲ್ಲ. ಬಾಕಿ 90 ದಿನ ದಾಟಿದ್ರೆ ಖಾತೆ ಎನ್‌ಪಿಎ, ಅಂದ್ರೆ ವಸೂಲಾಗದ ಸಾಲ ಅಂತ ಆಗತ್ತೆ, ಅಲ್ಲಿವರೆಗೂ ಬಿಡ್ಬೇಡಿ. 2024ರ ಏಪ್ರಿಲ್‌ನಿಂದ ಆರ್‌ಬಿಐ ನಿಯಮ ಏನಂದ್ರೆ ತಡ ಆದ್ರೆ ದಂಡ ಹಾಕ್ಬಹುದು, ಆ ದಂಡದ ಮೇಲೆ ಬಡ್ಡಿ ಹಾಕೋ ಹಾಗಿಲ್ಲ, ಸ್ಟೇಟ್‌ಮೆಂಟ್‌ನಲ್ಲಿ ನೋಡ್ಕೊಳ್ಳಿ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಫೋನ್ ಮಾಡೋ ಹಾಗಿಲ್ಲ. ಮಾಡಿದ್ರೆ ಬ್ಯಾಂಕಿಗೆ ಬರವಣಿಗೆಲಿ ದೂರು ಕೊಡಿ, 30 ದಿನದಲ್ಲಿ ಉತ್ತರ ಬರ್ಲಿಲ್ಲ ಅಂದ್ರೆ ಬ್ಯಾಂಕ್ ಮೇಲಿನ ದೂರು ಕೇಳೋ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಹೋಗ್ಬಹುದು, ಖರ್ಚಿಲ್ಲ, 14448ಕ್ಕೆ ಫೋನ್ ಮಾಡಿದ್ರೆ ಹೇಗೆ ಅಂತ ಹೇಳ್ತಾರೆ. ಬ್ಯಾಂಕಿಗೆ ಯಜಮಾನ್ರ ಜೊತೆ ನೀವೂ ಹೋಗಿ, ಮನೆ ಖರ್ಚಿನ ಲೆಕ್ಕ ಗೊತ್ತಿರೋದು ನಿಮಗೆ.