ಶಿಕಾಗೊದ ಡಿಪಾಲ್‌ಗೆ ಹೊರಟ ವಿರಾಜಪೇಟೆಯ ತಂಗಿಗೆ

"ಅಣ್ಣಾ, ಡಿಪಾಲ್‌ನಲ್ಲಿ ಎಂ.ಎಸ್. ಸೀಟು ಸಿಕ್ಕಿದೆ. ಕ್ಯಾಥೊಲಿಕ್ ಯೂನಿವರ್ಸಿಟಿಯಂತೆ, ಚರ್ಚಿಗೆ ಹೋಗಲೇಬೇಕಾ ಅಂತ ಅಜ್ಜಿ ಕೇಳ್ತಿದ್ದಾರೆ. ಅಪ್ಪನಿಗೆ ದುಡ್ಡಿನ ಕಾಗದಪತ್ರದ ಚಿಂತೆ" ಎಂದು ಕೇಳಿದ್ದೀಯ.

ಅಜ್ಜಿಗೆ ಧೈರ್ಯ ಹೇಳು ತಂಗಿ, ಯಾರೂ ಚರ್ಚಿಗೆ ಕರೆದೊಯ್ಯುವುದಿಲ್ಲ. ಟಿಪ್ಪುವಿನ ಸೀಮೆಯಿಂದ ಓಡಿಬಂದ ಕ್ರೈಸ್ತರಿಗಾಗಿ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ನೆರವು ಕೊಟ್ಟು 1792ರಲ್ಲಿ ಎದ್ದು ನಿಂತದ್ದು ನಿಮ್ಮೂರ ಸಂತ ಅನ್ನಮ್ಮ ಚರ್ಚ್. ಅಲ್ಲಿನ ಶಾಲೆಯಲ್ಲಿ ಎಲ್ಲ ಮನೆಯ ಮಕ್ಕಳೂ ಓದುವುದನ್ನು ಅಜ್ಜಿ ಕಂಡಿದ್ದಾರೆ. ಡಿಪಾಲ್ ಕೂಡ ಊರು ಬಿಟ್ಟು ಬಂದವರಿಗಾಗಿಯೇ ಹುಟ್ಟಿದ್ದು. ಶಿಕಾಗೊಗೆ ವಲಸೆ ಬಂದ ಬಡ ಕ್ಯಾಥೊಲಿಕರ ಮಕ್ಕಳಿಗೆಂದು 1898ರಲ್ಲಿ ವಿನ್ಸೆಂಶಿಯನ್ ಪಾದ್ರಿಗಳು ಸೇಂಟ್ ವಿನ್ಸೆಂಟ್ಸ್ ಕಾಲೇಜು ತೆರೆದರು. 1907ರಲ್ಲಿ ಅದು ಡಿಪಾಲ್ ವಿಶ್ವವಿದ್ಯಾಲಯವಾದಾಗ, ಓದುವವರಿಗಾಗಲಿ ಕಲಿಸುವವರಿಗಾಗಲಿ ಧರ್ಮದ ಷರತ್ತು ಇರಕೂಡದೆಂದು ಸನ್ನದಿನಲ್ಲೇ ಬರೆಸಿದರು. 1911ರಿಂದ ಹೆಣ್ಣುಮಕ್ಕಳಿಗೂ ಪ್ರವೇಶ ಸಿಕ್ಕಿತು. ಆ ಕಾಲಕ್ಕೆ ಇವೆರಡೂ ದೊಡ್ಡ ಹೆಜ್ಜೆಗಳು.

ಹೆಸರಿನ ಹಿಂದಿರುವ ಸಂತ ವಿನ್ಸೆಂಟ್ ಡಿ ಪಾಲ್ (1581–1660) ಫ್ರಾನ್ಸಿನ ರೈತ ಕುಟುಂಬದವರು. 1625ರಲ್ಲಿ ಈ ಪಾದ್ರಿಗಳ ಸಂಘ ಕಟ್ಟಿದ್ದು ಹಳ್ಳಿಯ ಬಡವರ ಸೇವೆಗೆ. "ಏನು ಮಾಡಬೇಕು?" ಎಂಬ ಪ್ರಶ್ನೆಯನ್ನು ಡಿಪಾಲ್ ಇವತ್ತಿಗೂ ತನ್ನ ಧ್ಯೇಯದ ನಡುವೆ ಇಟ್ಟುಕೊಂಡಿದೆ. ವರ್ಷಕ್ಕೊಮ್ಮೆ ವಿನ್ಸೆಂಶಿಯನ್ ಸೇವಾ ದಿನದಂದು ವಿದ್ಯಾರ್ಥಿಗಳು ನಗರದ ಬೇರೆಬೇರೆ ಕಡೆ ಕೆಲಸಕ್ಕೆ ಇಳಿಯುತ್ತಾರೆ. ನೀನೂ ಹೋಗು. ಊರನ್ನು ಅರಿಯಲು ಅದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಇನ್ನು ಎಡವುವ ಜಾಗಗಳು. ಇಂಡಿಯಾನಾ ರಾಜ್ಯದಲ್ಲಿ ಡಿಪಾವ್ ಎಂಬ ಇನ್ನೊಂದು ವಿಶ್ವವಿದ್ಯಾಲಯವಿದೆ, ಮೆಥಡಿಸ್ಟರು 1837ರಲ್ಲಿ ಸ್ಥಾಪಿಸಿದ್ದು. ಇಂಗ್ಲಿಷ್‌ನಲ್ಲಿ ಕೊನೆಯ ಅಕ್ಷರ ಮಾತ್ರ ಬೇರೆ. ಅಂಕಪಟ್ಟಿ, ಪರೀಕ್ಷೆಯ ಸ್ಕೋರ್ ಕಳಿಸುವಾಗ ಪಟ್ಟಿಯಲ್ಲಿ ಶಿಕಾಗೊ, ಇಲಿನಾಯ್ ಎಂದಿದೆಯಾ ನೋಡಿಯೇ ಒತ್ತು.

ವೀಸಾಕ್ಕೆಂದು ವಿಶ್ವವಿದ್ಯಾಲಯ ಕೊಡುವ ಐ-20 ಪತ್ರಕ್ಕೆ ಮೊದಲ ವರ್ಷದ ಪೂರ್ತಿ ಖರ್ಚಿಗೆ ಹಣ ಇದೆಯೆಂದು ತೋರಿಸಬೇಕು. ತೋಟದ ವ್ಯಾಲ್ಯುಯೇಶನ್ ಅಲ್ಲಿ ಲೆಕ್ಕಕ್ಕೆ ಬಾರದು. ಉಳಿತಾಯ ಖಾತೆ, ಎಫ್.ಡಿ., ಮಂಜೂರಾದ ಶಿಕ್ಷಣ ಸಾಲದ ಪತ್ರ ಬೇಕು. ನಮ್ಮವರು ಸಿಕ್ಕಿಬೀಳುವುದು ಸಾಲದ ಹಂತದಲ್ಲೇ. ಜಮ್ಮಾ ಬಾಣೆಯ (ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಕುಟುಂಬದ ಜಮೀನು) ಆರ್‌ಟಿಸಿಯಲ್ಲಿ ಎಷ್ಟೋ ಕಡೆ ಇನ್ನೂ ತಾತ ಮುತ್ತಾತನ ಕಾಲದ ಪಟ್ಟೇದಾರರ ಹೆಸರೇ ಇರುತ್ತದೆ. ಅದನ್ನು ಅಡಮಾನಕ್ಕೆ ಕೊಟ್ಟರೆ ಬ್ಯಾಂಕಿನ ವಕೀಲರು ಕುಟುಂಬದವರೆಲ್ಲರ ಒಪ್ಪಿಗೆ ಕೇಳುತ್ತಾರೆ, ತಿಂಗಳುಗಳು ಉರುಳುತ್ತವೆ. ಅಪ್ಪನ ಹೆಸರಲ್ಲೇ ಬೇರೆ ಜಾಗವೋ ಎಫ್.ಡಿ.ಯೋ ಇದ್ದರೆ ಅದನ್ನೇ ಮುಂದಿಡಿ. ಐ-20 ಬಂದ ಮೇಲೆ ವಿದೇಶಿ ವಿದ್ಯಾರ್ಥಿಗಳ ದಾಖಲೆ ಇಡುವ ಅಮೆರಿಕ ಸರ್ಕಾರದ ವ್ಯವಸ್ಥೆಯಾದ ಸೆವಿಸ್‌ನ ಶುಲ್ಕ 350 ಡಾಲರ್ ಕಟ್ಟಿ ರಸೀದಿ ಇಟ್ಟುಕೋ, ವೀಸಾ ಸಂದರ್ಶನಕ್ಕೆ ಬೇಕು. ಕ್ಲಾಸು ಸೆಪ್ಟೆಂಬರ್ ಮೊದಲ ಭಾಗದಲ್ಲಿ ಶುರುವಾಗುತ್ತದೆ. ಐ-20ಯಲ್ಲಿರುವ ದಿನಾಂಕಕ್ಕೆ 30 ದಿನಕ್ಕಿಂತ ಮುಂಚೆ ದೇಶದೊಳಗೆ ಬಿಡುವುದಿಲ್ಲ.

ಅಲ್ಲಿ ನಡೆಯುವುದು ಕ್ವಾರ್ಟರ್ ಪದ್ಧತಿ: ಹತ್ತು ವಾರ ಪಾಠ, ಆಮೇಲೆ ಪರೀಕ್ಷೆ. ಸೆಮಿಸ್ಟರಿಗೆ ಒಗ್ಗಿದವರು ಮೊದಲ ಮೂರು ವಾರ ಸುಮ್ಮನಿದ್ದು, ಐದನೇ ವಾರದ ಮಿಡ್‌ಟರ್ಮ್‌ನಲ್ಲಿ ಮುಗ್ಗರಿಸುತ್ತಾರೆ. ಎಂ.ಎಸ್. ಓದುವ ವಿದೇಶಿಯರು ಕ್ವಾರ್ಟರಿಗೆ ಕನಿಷ್ಠ 8 ಕ್ರೆಡಿಟ್ ಗಂಟೆ, ಅಂದರೆ ಸಾಮಾನ್ಯವಾಗಿ ಎರಡು ವಿಷಯ ಹಿಡಿಯಬೇಕು. ಎರಡನ್ನೂ ಆನ್‌ಲೈನ್‌ನಲ್ಲಿ ತೆಗೆದುಕೊಂಡರೆ ಎಫ್-1 ಎಂಬ ವಿದ್ಯಾರ್ಥಿ ವೀಸಾಕ್ಕೇ ಕುತ್ತು. ಪಾಠದ ದಿನಗಳಲ್ಲಿ ಕ್ಯಾಂಪಸ್ ಕೆಲಸ ವಾರಕ್ಕೆ 20 ಗಂಟೆ ಮೀರಬಾರದು. ಆ ಸಂಬಳ ನಂಬಿ ಬಜೆಟ್ ಹಾಕಬೇಡ. ಥ್ಯಾಂಕ್ಸ್‌ಗಿವಿಂಗ್‌ನಿಂದ ಜನವರಿವರೆಗೆ ಉದ್ದ ರಜೆ ಇದೆ, ನಮ್ಮ ಸುಗ್ಗಿ ಹಬ್ಬ ಹುತ್ತರಿ ಬಹುತೇಕ ಅದರೊಳಗೇ ಬೀಳುತ್ತದೆ.

ಒಂದು ಕ್ಯಾಂಪಸ್ ಲಿಂಕನ್ ಪಾರ್ಕಿನಲ್ಲಿ, ಫುಲರ್ಟನ್ ನಿಲ್ದಾಣದ ಪಕ್ಕ. ಇನ್ನೊಂದು ನಗರದ ನಡುವಿನ ಲೂಪ್‌ನಲ್ಲಿ, ಜಾಕ್ಸನ್ ನಿಲ್ದಾಣದ ಹತ್ತಿರ. ನಿನ್ನ ಕ್ಲಾಸು ಯಾವುದರಲ್ಲಿ ಎಂದು ತಿಳಿಯದೆ ಬಾಡಿಗೆ ಕರಾರಿಗೆ ಸಹಿ ಹಾಕಬೇಡ. ಲಿಂಕನ್ ಪಾರ್ಕಿನ ಬಾಡಿಗೆ ದುಬಾರಿ. ರೆಡ್ ಲೈನ್ ಎಂಬ ನಗರ ರೈಲು ಎರಡೂ ಕಡೆ ನಿಲ್ಲುತ್ತದೆ, ರಾತ್ರಿಯಿಡೀ ಓಡುತ್ತದೆ. ಹಾಗಾಗಿ ಅದೇ ಹಳಿ ಹಿಡಿದು ಉತ್ತರಕ್ಕೆ, ಎಡ್ಜ್‌ವಾಟರ್, ರಾಜರ್ಸ್ ಪಾರ್ಕ್ ಕಡೆ ಮನೆ ಹುಡುಕು. ಅಲ್ಲಿಂದ 155ನೇ ನಂಬರ್ ಬಸ್ಸು ಡೆವನ್ ಅವೆನ್ಯೂಗೆ ಹೋಗುತ್ತದೆ. ನಮ್ಮ ಅಕ್ಕಿ ಕಡುಬು ಕಡಂಬುಟ್ಟಿಗೆ ಅಕ್ಕಿ ತರಿ ಅಲ್ಲಿನ ಭಾರತೀಯ ಅಂಗಡಿಗಳಲ್ಲಿ ಸಿಗುತ್ತದೆ. ಅಡುಗೆಯ ಹುಳಿರಸ ಕಾಚಂಪುಳಿ ಮಾತ್ರ ಊರಿಂದಲೇ ತಾ, ಸೀಲ್ ಆದ ಬಾಟಲಿಯಲ್ಲಿ, ಚೆಕ್-ಇನ್ ಪೆಟ್ಟಿಗೆಯೊಳಗೆ. ಹಂದಿ ಮಾಂಸದ ಉಪ್ಪಿನಕಾಯಿ ಇಡಬೇಡ, ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ.