ಮೆಹೆಂದಿಯ ಮರುದಿನ ಬೆಳಿಗ್ಗೆ ಕಾರು ಬಿಡಬಹುದೇ?

ಪ್ರಶ್ನೆ: ಮೆಹೆಂದಿಯ ರಾತ್ರಿ ಒಂಬತ್ತರಿಂದ ಹನ್ನೆರಡರ ತನಕ ನಾಲ್ಕು ಪೆಗ್ ವಿಸ್ಕಿ ಕುಡಿದ ಅಣ್ಣ, ಬೆಳಿಗ್ಗೆ ಆರಕ್ಕೆ ನೆಂಟರನ್ನು ಕೂರಿಸಿಕೊಂಡು ಬಜ್ಪೆ ವಿಮಾನ ನಿಲ್ದಾಣಕ್ಕೆ ಹೊರಡುತ್ತಾನೆ. ನಿದ್ದೆಯಾಗಿದೆ, ತಣ್ಣೀರು ಸ್ನಾನ, ಕಾಫಿ ಆದರೆ ಎಲ್ಲ ಇಳಿಯುತ್ತದೆ ಎನ್ನುತ್ತಾನೆ. ನಿಜವೇ?
– ಓದುಗರು, ಕಾಪು

ಉತ್ತರ: ಇಳಿಯುವುದಿಲ್ಲ. ಲೆಕ್ಕ ಹಾಕಿ ನೋಡಿ. 60 ಮಿಲಿಯ ಒಂದು ಪೆಗ್ಗಿನಲ್ಲಿ ಸುಮಾರು 20 ಗ್ರಾಂ ಆಲ್ಕೋಹಾಲ್ ಇರುತ್ತದೆ. 70 ಕೆಜಿ ತೂಕದ ಗಂಡಸಿನ 100 ಮಿಲಿ ರಕ್ತದಲ್ಲಿ ಅದು 40 ಮಿಗ್ರಾಂಗಿಂತ ತುಸು ಹೆಚ್ಚು. ನಾಲ್ಕು ಪೆಗ್ಗಿಗೆ 170ರ ಹತ್ತಿರ. ಲಿವರ್ ಕರಗಿಸುವುದು ಗಂಟೆಗೆ ಸರಾಸರಿ 15 ಮಿಗ್ರಾಂ ಮಾತ್ರ. ಒಂಬತ್ತು ಗಂಟೆಯಲ್ಲಿ 135 ಹೋದರೂ ಬೆಳಿಗ್ಗೆ ಆರಕ್ಕೆ 35 ಉಳಿದಿರುತ್ತದೆ. ಕಾನೂನಿನ ಮಿತಿ 30. ಕೆಲವರ ದೇಹ ಗಂಟೆಗೆ 10ರಷ್ಟೇ ಕರಗಿಸುತ್ತದೆ, ಅವರಲ್ಲಿ 80 ಇರಬಹುದು. ತೂಕ ಕಡಿಮೆಯಿದ್ದರೆ, ಹೆಂಗಸರಾದರೆ, ಅದೇ ಪೆಗ್ಗಿಗೆ ಮಟ್ಟ ಇನ್ನೂ ಮೇಲೇರುತ್ತದೆ. ಮನೆಯಲ್ಲಿ ಸುರಿದ ಪೆಗ್ ಎಷ್ಟೋ ಸಲ 60 ಮಿಲಿ ದಾಟಿರುತ್ತದೆ ಎಂಬುದನ್ನೂ ಮರೆಯಬೇಡಿ.

ಕಾಫಿ ನಿದ್ದೆಗಣ್ಣು ತೆರೆಸುತ್ತದೆ, ಅಷ್ಟೆ. ಸ್ನಾನ, ಲಿಂಬೆ ಶರಬತ್ತು, ಮಜ್ಜಿಗೆ ಯಾವುದೂ ಲಿವರಿನ ವೇಗ ಹೆಚ್ಚಿಸದು. ಕುಡಿದ ರಾತ್ರಿಯ ನಿದ್ದೆ ತುಂಡುತುಂಡಾಗಿರುವುದರಿಂದ ಆಯಾಸವೂ ಸೇರಿಕೊಳ್ಳುತ್ತದೆ. ಪಡುಬಿದ್ರಿ, ಮುಲ್ಕಿ ದಾಟುವ ಹೆದ್ದಾರಿ 66ರಲ್ಲಿ ಎದುರು ದಿಕ್ಕಿನಿಂದ ಬರುವ ಸ್ಕೂಟರ್, ಡಿವೈಡರಿನ ತೆರಪಿನಲ್ಲಿ ತಿರುಗುವ ರಿಕ್ಷಾ, ಮೀನಿನ ಲಾರಿಯ ನೀರು ಬಿದ್ದು ಜಾರುವ ರಸ್ತೆ. ಗಂಟೆಗೆ 80 ಕಿಮೀ ವೇಗದಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಬ್ರೇಕಿಗೆ ಕಾಲು ಅರ್ಧ ಸೆಕೆಂಡ್ ತಡವಾಗಿ ಹೋದರೆ 11 ಮೀಟರ್ ಹೋಯಿತು. ‘ನನಗೇನೂ ಆಗಿಲ್ಲ’ ಎನ್ನುವ ಧೈರ್ಯವೂ ಆಲ್ಕೋಹಾಲಿನದ್ದೇ, ಹಾಗಾಗಿ ಅಣ್ಣನ ಮಾತನ್ನು ನಂಬಿ ನೆಂಟರನ್ನು ಹತ್ತಿಸಬೇಡಿ. ಮದುವೆಮನೆಯಲ್ಲಿ ಸಂಜೆಯೇ ಒಬ್ಬರ ಕೈಗೆ ಕೀ ಕೊಡಿ, ಅವರು ಒಂದು ಬಿಯರನ್ನೂ ಮುಟ್ಟದಿರಲಿ. ಅಂಥವರು ಸಿಗದಿದ್ದರೆ ಬಾಡಿಗೆ ಕಾರನ್ನು ಹಿಂದಿನ ದಿನವೇ ಹೇಳಿಡಿ.

ಪ್ರಶ್ನೆ: ಪೊಲೀಸರು ಯಂತ್ರಕ್ಕೆ ಊದಲು ಹೇಳಿದಾಗ ಒಪ್ಪದಿದ್ದರೆ ಕೇಸಿನಿಂದ ಪಾರಾಗಬಹುದೇ?
– ಓದುಗರು, ಸುರತ್ಕಲ್

ಉತ್ತರ: ಇಲ್ಲ. ಕುಡಿದಿದ್ದಾರೆಂಬ ಸಂಶಯಕ್ಕೆ ಕಾರಣವಿದ್ದರೆ, ಊದಲೊಪ್ಪದವರನ್ನು ವಾರಂಟ್ ಇಲ್ಲದೆ ಬಂಧಿಸಲು ಮೋಟಾರು ವಾಹನ ಕಾಯ್ದೆಯ 203ನೇ ಕಲಂ ಅಧಿಕಾರ ಕೊಟ್ಟಿದೆ. ಸಕಾರಣವಿಲ್ಲದ ನಿರಾಕರಣೆ ನ್ಯಾಯಾಲಯದಲ್ಲಿ ನಿಮ್ಮ ವಿರುದ್ಧವೇ ನಿಲ್ಲುತ್ತದೆ. 185ನೇ ಕಲಮಿನಂತೆ ಮೊದಲ ಸಲಕ್ಕೆ 6 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ 2 ವರ್ಷದವರೆಗೆ ಜೈಲು ಅಥವಾ 15,000 ರೂಪಾಯಿ ದಂಡ ಅಥವಾ ಎರಡೂ. ಕುಡಿಯದೆಯೂ ಮೌತ್‌ವಾಶಿನಿಂದ ಯಂತ್ರ ಅಂಕಿ ತೋರಿಸಿದರೆ ಜಗಳಕ್ಕಿಳಿಯದೆ, 15 ನಿಮಿಷ ಬಿಟ್ಟು ಇನ್ನೊಮ್ಮೆ ಊದಿಸಿಕೊಳ್ಳಲು ಕೇಳಿ, ಬಾಯಿಯಲ್ಲಿ ಉಳಿದದ್ದು ಅಷ್ಟರಲ್ಲಿ ಆರಿರುತ್ತದೆ.